ತಬ್ಬಲಿ ಮಕ್ಕಳ ಕ್ರೈಸ್ತ ಶಿಕ್ಷಣ ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನೂರು ವರುಷಗಳನ್ನು ಪೂರೈಸಿದ ದೇವಾಲಯದ ಹಬ್ಬದಲ್ಲಿ ಕಟ್ಟಡದ ಮಾತು, ಗಂಟೆಗೋಪುರದ ಮಾತು, ಸೇವೆ ಸಲ್ಲಿಸಿ ಹೋದ ಗುರುವರ್ಯರ ಮಾತು ಬರುವುದು ಸಹಜವೇ ಆಗಿದೆ. ಆ ಮಾತುಗಳನ್ನು ನಮಗಿಂತ ಬಲ್ಲವರು ಈ ವೇದಿಕೆಯಿಂದ ಆಡಿದ್ದಾರೆ. ಸಮಿತಿಯವರು ನಮಗೆ ಒಪ್ಪಿಸಿದ ವಿಷಯ ಬೇರೆಯದು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮತ್ತು ಬಡತನದಲ್ಲಿ ಬೆಳೆಯುತ್ತಿರುವ ಮಕ್ಕಳ ಕ್ರೈಸ್ತ ಶಿಕ್ಷಣಕ್ಕೆ ನಾವು ಪೋಷಕರಾಗುವುದು ಹೇಗೆ ಎಂಬುದೇ ಆ ವಿಷಯ. ಕಲ್ಲಿನ ದೇವಾಲಯ ನೂರು ವರ್ಷ ನಿಂತಿತು ಎಂಬ ಸಂತೋಷದ ದಿನವೇ, ಜೀವಂತ ದೇವಾಲಯಗಳಾದ ಈ ಮಕ್ಕಳು ನಿಲ್ಲುವ ನೆಲ ಯಾವುದು ಎಂದು ಕೇಳಿಕೊಳ್ಳುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಈ ನಾಲ್ಕು ತಾಲ್ಲೂಕುಗಳು ಹಿಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಯ ಭಾಗಗಳಾಗಿವೆ. ಹಿರೇಕೆರೂರಿನಿಂದ ರಟ್ಟೀಹಳ್ಳಿ ತಾಲ್ಲೂಕು ಮುಂದೆ ಪ್ರತ್ಯೇಕವಾಯಿತು. ಇದು ಜ್ಞಾನದಲ್ಲಿ ಬಡವಾದ ನಾಡಲ್ಲ. ಕನಕದಾಸರು ಹುಟ್ಟಿದ ಬಾಡ, ಶರೀಫ ಸಾಹೇಬರ ಶಿಶುನಾಳ ಎರಡೂ ಶಿಗ್ಗಾವಿ ತಾಲ್ಲೂಕಿನವು. ಸರ್ವಜ್ಞನ ಹೆಸರಿನೊಡನೆ ಕೂಡಿಕೊಂಡ ಅಬಲೂರು ಹಿರೇಕೆರೂರು ತಾಲ್ಲೂಕಿನದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ್ದು ಸವಣೂರಿನಲ್ಲಿ. ಅಕ್ಷರಕ್ಕೂ ಅನುಭಾವಕ್ಕೂ ಹೆಸರಾದ ಇಂತಹ ಸೀಮೆಯಲ್ಲಿ ಒಂದು ಮಗು ಶಾಲೆಯ ಬಾಗಿಲಿನಿಂದ ಹಿಂದಿರುಗಿದರೆ ಅದು ಆ ಮಗುವಿನ ಹಣೆಬರಹವಲ್ಲ, ನೆರೆಯವರಾದ ನಮ್ಮೆಲ್ಲರ ಕೊರತೆ.

ನಮ್ಮ ಸಭಾ ಚರಿತ್ರೆಯಲ್ಲಿ ಈ ಪ್ರದೇಶ ಬಹುಕಾಲ ಅಂಚಿನಲ್ಲಿಯೇ ಉಳಿಯಿತು. ಗೋವಾ ಮಹಾಧರ್ಮಪ್ರಾಂತ್ಯ ಮತ್ತು ಪುಣೆ ಧರ್ಮಪ್ರಾಂತ್ಯಗಳ ಭಾಗಗಳನ್ನು ಬೇರ್ಪಡಿಸಿ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಲಾಯಿತು; ನಮ್ಮ ದೇವಾಲಯ ಅದಕ್ಕೂ ಹಿರಿಯದು. ಈ ತಾಲ್ಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ಒಂದೆಡೆ ನೆಲೆಸಿದವುಗಳಲ್ಲ, ಊರಿಗೆ ಒಂದೆರಡರಂತೆ ಚದುರಿದವು. ದೊಡ್ಡ ಧರ್ಮಕೇಂದ್ರದಲ್ಲಿ ಒಬ್ಬ ತಂದೆ ತೀರಿಕೊಂಡರೆ ಮಗುವಿನ ಸುತ್ತ ನೂರು ಕುಟುಂಬಗಳಿರುತ್ತವೆ. ಚದುರಿದ ಊರಿನಲ್ಲಿ ಒಬ್ಬ ತಂದೆ ತೀರಿಕೊಂಡರೆ ಆ ಊರಿನ ಧರ್ಮಸಭೆಯೇ ಅರ್ಧ ತೀರಿಕೊಂಡಂತೆ. ಜಪಮಾಲೆ ಕಲಿಸುವವರಿಲ್ಲ, ಭಾನುವಾರ ದಿವ್ಯಬಲಿಪೂಜೆಗೆ ಕರೆದೊಯ್ಯುವವರಿಲ್ಲ, ಮೊದಲ ಪರಮಪ್ರಸಾದಕ್ಕೆ ಸಿದ್ಧಪಡಿಸುವವರಿಲ್ಲ. ಮಗು ಅನ್ನಕ್ಕೂ ತಬ್ಬಲಿ, ವಿಶ್ವಾಸಕ್ಕೂ ತಬ್ಬಲಿ.

ಇಂತಹ ಮಗುವಿನ ಹೊಣೆ ಯಾರದು? ಪುಣ್ಯಕೋಟಿಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಹುಲಿಯ ಬಳಿಗೆ ಮರಳಿ ಹೋಗುವ ಮುನ್ನ ಆ ತಾಯಿ ತನ್ನ ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸಿತು. ಆ ಹಸುಗಳು ಅದನ್ನು ತಮ್ಮದೆಂದು ಒಪ್ಪಿಕೊಂಡವು. ನಮ್ಮ ಧರ್ಮಸಭೆಯಲ್ಲಿ ಈ ಒಪ್ಪಿಸುವಿಕೆ ಮಗುವಿನ ಜ್ಞಾನಸ್ನಾನದ ದಿನವೇ ನಡೆದುಹೋಗಿದೆ. ಜ್ಞಾನಪಿತನೆಂದೂ ಜ್ಞಾನಮಾತೆಯೆಂದೂ ನಾವು ಕರೆಯುವವರು ಫೋಟೋಗಾಗಿ ನಿಂತವರಲ್ಲ. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯು ತನ್ನ 774ನೆಯ ವಿಧಿಯಲ್ಲಿ ತಂದೆತಾಯಿಯರ ಮೇಲೆ ಮಾತ್ರವಲ್ಲದೆ, ಅವರ ಸ್ಥಾನದಲ್ಲಿ ನಿಂತವರ ಮೇಲೂ ಜ್ಞಾನಪೋಷಕರ ಮೇಲೂ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ಹೊರಿಸಿದೆ. 877ನೆಯ ವಿಧಿಯು ಜ್ಞಾನಪೋಷಕರ ಹೆಸರನ್ನು ದಫ್ತರಿನಲ್ಲಿ ಬರೆದಿಡಬೇಕೆಂದು ವಿಧಿಸುತ್ತದೆ. ಹಾಗಿರುವಾಗ ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ದಫ್ತರನ್ನು ಬರಿಯ ಹೆಸರುಗಳ ಪಟ್ಟಿ ಎನ್ನಲಾದೀತೇ? ಅದು ಹೊಣೆ ಹೊತ್ತವರ ಪಟ್ಟಿ. ಪೋಷಕತ್ವವೆಂಬುದು ಹೊರದೇಶದಿಂದ ಬಂದ ಹೊಸ ಯೋಜನೆಯಲ್ಲ. ನಾವು ಈಗಾಗಲೇ ಕೊಟ್ಟ ಮಾತನ್ನು ನಡೆಸಿಕೊಡುವುದಷ್ಟೇ ಅದರ ಅರ್ಥ. ಇಂದಿನ ನಮ್ಮ ಉಪನ್ಯಾಸದ ತಿರುಳು ಇದೇ ಆಗಿದೆ.

ಪೋಷಕತ್ವದ ರೀತಿ ಹೇಗಿರಬೇಕೆಂಬುದಕ್ಕೆ ಪವಿತ್ರ ಗ್ರಂಥದಲ್ಲಿಯೇ ಸುಂದರವಾದ ನಿದರ್ಶನವಿದೆ. ನದಿಯ ಜೊಂಡಿನ ನಡುವೆ ತೇಲಿಬಿಟ್ಟ ಹಸುಗೂಸು ಮೋಶೆಯನ್ನು ಫರೋಹನ ಮಗಳು ಕಂಡು ಮರುಗಿದಳು. ಅವಳು ಕೂಸನ್ನು ಕೂಡಲೇ ಅರಮನೆಗೆ ಒಯ್ಯಲಿಲ್ಲ. ಮಗುವಿನ ಅಕ್ಕನ ಸಲಹೆಯಂತೆ ಅದನ್ನು ಹೆತ್ತ ತಾಯಿಯ ಕೈಯಲ್ಲಿಯೇ ಇಟ್ಟು, ಸಾಕುವುದಕ್ಕೆ ಸಂಬಳವನ್ನು ಗೊತ್ತುಮಾಡಿದಳು. ಮೋಶೆ ತನ್ನ ತಾಯಿಯ ಹಾಲನ್ನು ಕುಡಿದು, ತಾಯಿಯ ಭಾಷೆಯನ್ನು ಕೇಳಿ, ತನ್ನ ಜನರ ದೇವರನ್ನು ಅರಿತು ಬೆಳೆದನು. ಖರ್ಚನ್ನು ಹೊತ್ತವಳು ಬೇರೆ ಕುಲದ, ಬೇರೆ ಧರ್ಮದ ಹೆಣ್ಣು. ಮಗುವನ್ನು ಅದರ ಬೇರಿನಿಂದ ಕೀಳದೆ ಬೇರಿಗೆ ನೀರೆರೆಯುವುದು ಉತ್ತಮ ಪೋಷಣೆ ಎಂಬ ಪಾಠ ಇಲ್ಲಿದೆ.

ಚರಿತ್ರೆಯಲ್ಲಿ ಹೀಗೆ ಮಾಡಲು ಯಾವಾಗಲೂ ಸಾಧ್ಯವಾಗಲಿಲ್ಲ ಎಂಬುದನ್ನೂ ಒಪ್ಪಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಕರ್ನಾಟಕವೂ ತತ್ತರಿಸಿದಾಗ ಮನೆಗಳೇ ಅಳಿದುಹೋದವು. ಮಗುವನ್ನು ಮರಳಿ ಒಪ್ಪಿಸಲು ಬಂಧುಗಳೇ ಉಳಿದಿರಲಿಲ್ಲ. ಆಗ ಮೈಸೂರು ಸೀಮೆಯ ಫ್ರೆಂಚ್ ಗುರುಗಳು ಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಸಾಕಿ, ಬೆಂಗಳೂರಿನ ಬಳಿಯ ಶಿಲುವೆಪುರದಂತಹ ಬೇಸಾಯದ ಊರುಗಳಲ್ಲಿ ನೆಲೆಗೊಳಿಸಿದರು. ಅದಕ್ಕೂ ಮೊದಲೇ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ನಿನವರೂ ಅನಾಥ ಮಕ್ಕಳಿಗೆ ಆಶ್ರಯವನ್ನೂ ಕಸುಬನ್ನೂ ಕೊಟ್ಟರು. ಪ್ರಾಣ ಉಳಿಸಿದ ಆ ಹಿರಿಯರಿಗೆ ನಾವು ಕೃತಜ್ಞರು. ಆದರೆ ಕ್ಷಾಮಕಾಲದ ಉಪಾಯವನ್ನು ಸುಭಿಕ್ಷ ಕಾಲದ ನಿಯಮವನ್ನಾಗಿ ಮಾಡಿಕೊಳ್ಳಲಾಗದು. ಇಂದು ನಮ್ಮ ಕಣ್ಣೆದುರಿಗಿರುವ ಮಗುವಿಗೆ ಬಹುಮಟ್ಟಿಗೆ ಒಬ್ಬ ಅಜ್ಜಿ ಇದ್ದಾಳೆ, ವಿಧವೆಯಾದ ತಾಯಿ ಇದ್ದಾಳೆ, ಸೋದರಮಾವ ಇದ್ದಾನೆ. ಅವರಲ್ಲಿ ಪ್ರೀತಿ ಇದೆ. ಇಲ್ಲದಿರುವುದು ಕೈಯಲ್ಲಿ ಕಾಸು ಮತ್ತು ಬೆನ್ನ ಹಿಂದೆ ಜನ.

ನೆರೆಯವರು ಮಾಡಿ ತೋರಿಸಿದ ಕಾರ್ಯವನ್ನೂ ಇಲ್ಲಿ ಸ್ಮರಿಸಬೇಕು. ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು (1867–1930), 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು, ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಅಂಧ ಬಾಲಕನ ಕೊರಳನ್ನು ಕೇಳಿ ಅವನ ವಿದ್ಯಾಭ್ಯಾಸದ ಭಾರವನ್ನು ವಹಿಸಿಕೊಂಡರು. ಕಣ್ಣಿಲ್ಲದ ಮಗುವಿಗೆ ಅನ್ನ ಹಾಕಿದರೆ ಸಾಕೆಂದು ಅವರು ಎಣಿಸಲಿಲ್ಲ. ಶಾಸ್ತ್ರೀಯ ಸಂಗೀತದ ಗುರುಗಳನ್ನು ಒದಗಿಸಿ, ವರ್ಷಗಟ್ಟಲೆ ಕಾದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದರು. ಮುಂದೆ ಅವರು ಇದೇ ಸೀಮೆಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದ ಇನ್ನೊಂದು ಮಗುವನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಆ ಮಗು ಪುಟ್ಟರಾಜ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅಂಧರಿಗೂ ಅನಾಥರಿಗೂ ಅನ್ನವನ್ನೂ ಸಂಗೀತವನ್ನೂ ಉಣಬಡಿಸಿದರು. ಒಬ್ಬರು ಒಂದು ಮಗುವನ್ನು ಕಡೆಯವರೆಗೂ ಕೈಬಿಡದೆ ನಡೆಸಿದ್ದರಿಂದ ಎಷ್ಟು ಮಕ್ಕಳ ಬಾಳು ಬೆಳಗಿತೆಂಬುದನ್ನು ಎಣಿಸಲು ಬಾರದು. ನಮ್ಮದು ಬೇರೆ ಧರ್ಮವಾದರೂ, ನಮ್ಮ ಅಂಗಳದಲ್ಲಿಯೇ ಬೆಳೆದ ಈ ಮಾದರಿಯನ್ನು ಕಂಡು ತಲೆಬಾಗುವುದರಲ್ಲಿ ನಮಗೆ ಸಂಕೋಚವಿಲ್ಲ.

ಈಗ ನಮ್ಮ ಮಕ್ಕಳ ಸ್ಥಿತಿಯನ್ನು ವಿಚಾರಿಸೋಣ. ಶಾಲೆಯ ಶುಲ್ಕವೇ ತೊಡಕು ಎಂಬ ಕಾಲ ಬಹುಮಟ್ಟಿಗೆ ಕಳೆದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹಕ್ಕನ್ನಾಗಿಸಿತು. ಬಿಸಿಯೂಟವಿದೆ, ಪಠ್ಯಪುಸ್ತಕವಿದೆ. ಆದರೆ ತಬ್ಬಲಿ ಮಗು ಜಾರಿಬೀಳುವುದು ಹದಿನಾಲ್ಕರ ಹೊಸ್ತಿಲಿನಲ್ಲಿ. ಎಂಟನೆಯ ತರಗತಿ ಮುಗಿಯುವ ಹೊತ್ತಿಗೆ ಕಾನೂನಿನ ಕೈ ಸಡಿಲವಾಗುತ್ತದೆ, ಮಗುವಿನ ಕೈಗೆ ಕೂಲಿ ಹುಟ್ಟುತ್ತದೆ. ಹಿರೇಕೆರೂರು, ರಾಣೆಬೆನ್ನೂರುಗಳ ಸುತ್ತಿನ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳನ್ನು ಬಲ್ಲವರಿಗೆ ಇದು ತಿಳಿದ ಸಂಗತಿ. ಅಲ್ಲಿ ಸಂಜೆ ಮೊಗ್ಗಿನ ಕೇಸರವನ್ನು ಬಿಡಿಸಬೇಕು, ಮರುದಿನ ಬೆಳಿಗ್ಗೆ ಪರಾಗವನ್ನು ಮುಟ್ಟಿಸಬೇಕು. ‘ಕ್ರಾಸಿಂಗ್’ ಎಂದು ಜನ ಕರೆಯುವ ಈ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಹೇಳಿ ಹೆಣ್ಣುಮಕ್ಕಳನ್ನು ಕರೆದೊಯ್ಯುವವರುಂಟು. ಬೆಳಗಿನ ಹೂವಿನ ಹೊತ್ತೂ ಶಾಲೆಯ ಗಂಟೆಯ ಹೊತ್ತೂ ಒಂದೇ. ಇನ್ನು ಶಿಗ್ಗಾವಿ, ಸವಣೂರು ಕಡೆಯ ತಾಂಡಾಗಳಿಂದ ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಹೋಗುವವರ ಹಿಂದೆ ಮಕ್ಕಳೂ ಹೋಗುತ್ತಾರೆ, ಇಲ್ಲವೇ ಮುದುಕರ ಬಳಿ ಉಳಿಯುತ್ತಾರೆ. ಸಾಲದ ಹೊರೆಯಿಂದ ಮನೆಯ ಯಜಮಾನ ಜೀವ ಕಳೆದುಕೊಂಡ ಮನೆಗಳ ಕಥೆಯನ್ನು ಈ ಜಿಲ್ಲೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಪೋಷಕತ್ವದ ಹಣ ಶುಲ್ಕಕ್ಕಿಂತ ಹೆಚ್ಚಾಗಿ ಬಸ್ಸಿನ ಪಾಸಿಗೆ, ಬಟ್ಟೆಗೆ, ನೋಟುಪುಸ್ತಕಕ್ಕೆ, ಬೋರ್ಡಿಂಗಿನ ಊಟಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ಆ ಮಗುವಿನ ಕೂಲಿಯಿಲ್ಲದೆ ಮನೆ ನಡೆಯುವಂತೆ ಮಾಡುವುದಕ್ಕೆ ಸಲ್ಲಬೇಕಾಗಿದೆ. ಎಂಟನೆಯ ತರಗತಿಯಿಂದ ಪಿಯುಸಿ ಎರಡನೆಯ ವರ್ಷದವರೆಗೆ ಐದು ವರ್ಷ. ಐದು ವರ್ಷ ಕೈಬಿಡದವನೇ ಪೋಷಕ. ಒಂದು ಕ್ರಿಸ್ಮಸ್ಸಿಗೆ ಕೊಟ್ಟು ಮರೆತವನು ದಾನಿ ಮಾತ್ರ.

ಕ್ರೈಸ್ತ ಶಿಕ್ಷಣವೆಂದರೆ ಏನು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳೋಣ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಮಕ್ಕಳ ಮೊದಲ ಗುರುಗಳು ತಂದೆತಾಯಿಯರೇ ಎಂದು ಸಾರಿತು. ಬಡವರೂ ಕುಟುಂಬದ ಆಸರೆಯಿಲ್ಲದವರೂ ಕಥೋಲಿಕ ಶಾಲೆಗಳ ವಿಶೇಷ ಗಮನಕ್ಕೆ ಪಾತ್ರರೆಂದೂ ತಿಳಿಸಿತು. ಹಾಗಾದರೆ ಜ್ಞಾನಸ್ನಾನ ಪಡೆದ ತಬ್ಬಲಿ ಮಗುವಿಗೆ ಎರಡೂ ಸಲ್ಲಬೇಕು: ಪಾಠವೂ ಪ್ರಾರ್ಥನೆಯೂ. ಉಪದೇಶಿಗಳೋ ಭಗಿನಿಯರೋ ತಿಂಗಳಿಗೊಮ್ಮೆಯಾದರೂ ಆ ಊರಿಗೆ ಹೋಗಿ ಜ್ಞಾನೋಪದೇಶ ನೀಡುವುದು, ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಧರ್ಮಕೇಂದ್ರಕ್ಕೆ ಕರೆಸಿ ಪರಮಪ್ರಸಾದಕ್ಕೂ ದೃಢೀಕರಣಕ್ಕೂ ಅಣಿಗೊಳಿಸುವುದು, ಹಬ್ಬದ ದಿನ ಪೋಷಕರ ಮನೆಯ ಊಟದ ಪಂಕ್ತಿಯಲ್ಲಿಯೇ ಕೂರಿಸಿಕೊಳ್ಳುವುದು, ಇವು ಶಿಕ್ಷಣದ ಅಂಗಗಳೇ. ಯಾರ ಮನೆಯಲ್ಲಿಯೂ ಒಮ್ಮೆಯೂ ಹಬ್ಬದೂಟ ಉಣ್ಣದ ಮಗುವಿಗೆ ದೇವರ ಕುಟುಂಬವೆಂಬ ಮಾತು ಅರ್ಥವಾಗುವುದಾದರೂ ಹೇಗೆ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಸಹಾಯವನ್ನು ಕೋರಿ ಬರುವ ಮಕ್ಕಳೆಲ್ಲರೂ ಕ್ರೈಸ್ತರಲ್ಲ. ಲಿಂಗಾಯತರ, ಕುರುಬರ, ಮುಸಲ್ಮಾನರ, ಲಂಬಾಣಿಗಳ ಮಕ್ಕಳೂ ಇದ್ದಾರೆ. ಅವರಿಗೆ ಸಲ್ಲುವುದು ಶಿಕ್ಷಣ. ಅದರ ಬೆಲೆಯಾಗಿ ನಾವು ಏನನ್ನೂ ಕೇಳಲಾಗದು. ರೊಟ್ಟಿಯನ್ನು ತೋರಿಸಿ ಪ್ರಾರ್ಥನೆಯನ್ನು ಮಾಡಿಸಿದರೆ ರೊಟ್ಟಿಗೂ ಅವಮಾನ, ಪ್ರಾರ್ಥನೆಗೂ ಅವಮಾನ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಸಮ್ಮತಿಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ನಮ್ಮ ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ. ವಿಶ್ವಾಸವನ್ನು ಬಲವಂತದಿಂದ ಹೇರಲಾಗದೆಂಬುದು 1965ರಲ್ಲಿ ಅದೇ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತು ಹೊರಡಿಸಿದ ಘೋಷಣೆಯ ತತ್ವವೂ ಆಗಿದೆ. ದೇಶದ ಕಾನೂನೂ ಧರ್ಮಸಭೆಯ ಬೋಧನೆಯೂ ಇಲ್ಲಿ ಒಂದೇ ದಿಕ್ಕನ್ನು ತೋರಿಸುತ್ತವೆ. ಆಮಿಷವೆಂಬ ಅಪವಾದ ನಮ್ಮ ಕಾರ್ಯಗಳ ಮೇಲೆ ಬೀಳುವ ಈ ದಿನಗಳಲ್ಲಿ ನಮ್ಮ ಕೈ ಶುದ್ಧವಾಗಿರುವುದೇ ನಮಗೆ ರಕ್ಷೆ.

ಇನ್ನು ಕಾರ್ಯವಿಧಾನ. ಹಿಂದೆ ಹೊರದೇಶದ ದಾನಿಗಳು ಮಗುವಿನ ಭಾವಚಿತ್ರವನ್ನು ನೋಡಿ ಹಣ ಕಳುಹಿಸುತ್ತಿದ್ದರು, ಮಗು ವರ್ಷಕ್ಕೊಮ್ಮೆ ವಂದನೆಯ ಪತ್ರ ಬರೆಯುತ್ತಿತ್ತು. ಆ ದಾನಿಗಳ ಸದ್ಭಾವನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಗಳ ಮೂಲಕ ಸಣ್ಣ ಊರುಗಳಿಗೆ ಹರಿಯುತ್ತಿದ್ದ ಕಾಲುವೆ ಹೀಗೆ ನಿಂತಿತು. ಇದನ್ನು ಕುರಿತು ಮರುಗುತ್ತ ಕೂರುವ ಬದಲು, ನಮ್ಮ ಬಾವಿಯಲ್ಲಿಯೂ ನೀರಿದೆ ಎಂಬುದನ್ನು ಕಂಡುಕೊಳ್ಳೋಣ. 1843ರಲ್ಲಿ ಫ್ರಾನ್ಸಿನ ಬಿಷಪ್ ಫೋರ್ಬಿನ್-ಜಾನ್ಸನ್ ಅವರು ಪವಿತ್ರ ಬಾಲ್ಯ ಸಂಘವನ್ನು ಆರಂಭಿಸಿದಾಗ ಅವರು ಕೇಳಿದ್ದು ಶ್ರೀಮಂತರನ್ನಲ್ಲ, ಮಕ್ಕಳನ್ನು: ತಿಂಗಳಿಗೊಂದು ಸಣ್ಣ ನಾಣ್ಯ, ದಿನಕ್ಕೊಂದು ಸಣ್ಣ ಪ್ರಾರ್ಥನೆ. ನಮ್ಮ ಧರ್ಮಕೇಂದ್ರದ ಹತ್ತು ಕುಟುಂಬಗಳು ಕೂಡಿದರೆ ಒಂದು ಮಗುವಿನ ಐದು ವರ್ಷದ ಭಾರ ಯಾರ ಬೆನ್ನನ್ನೂ ಮುರಿಯದು.

ಸರ್ಕಾರದ ನೆರವನ್ನೂ ಬಿಟ್ಟುಕೊಡಬಾರದು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ, ವಿಧವೆಯಾದ ತಾಯಿಯ ಮಕ್ಕಳಿಗೂ ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವನ್ನು ಗೊತ್ತುಪಡಿಸಲಾಗಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000 ರೂಪಾಯಿಯನ್ನೂ ಉಳಿದೆಡೆ 96,000 ರೂಪಾಯಿಯನ್ನೂ ಮೀರಿರಬಾರದು. ಅರ್ಜಿ ಸಲ್ಲಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದರೆ ಅಕ್ಷರ ಬಾರದ ಅಜ್ಜಿಗೆ ಹಾವೇರಿಯ ಕಚೇರಿ ಸಮುದ್ರದಾಚೆಯ ಊರಿದ್ದಂತೆ. ತಂದೆಯ ಮರಣ ಪ್ರಮಾಣಪತ್ರ ಬೇಕು, ಆದಾಯ ಪ್ರಮಾಣಪತ್ರ ಬೇಕು, ಆಧಾರ್ ಬೇಕು, ಬ್ಯಾಂಕಿನ ಖಾತೆ ಬೇಕು. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮ ದುಃಖದಲ್ಲಿ ಮುಳುಗಿದ ಮನೆಗೆ ನೆನಪಿರುವುದಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಆ ಮಗು ಕಾಗದದ ಮೇಲೆ ಅನಾಥವೇ ಅಲ್ಲ. ಈ ಕಾಗದಗಳಿಗಾಗಿ ಅಜ್ಜಿಯೊಡನೆ ಎರಡು ದಿನ ಓಡಾಡುವ ಒಬ್ಬ ನಿವೃತ್ತ ಶಿಕ್ಷಕ, ಒಬ್ಬ ಕಾಲೇಜು ವಿದ್ಯಾರ್ಥಿ, ಹಣ ಕೊಟ್ಟವನಷ್ಟೇ ದೊಡ್ಡ ಪೋಷಕ. ಸಂತ ವಿನ್ಸೆಂಟ್ ದಿ ಪಾಲ್ ಸಭೆಯು 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದಾಗಿನಿಂದಲೂ ಅದರ ಸದಸ್ಯರ ಮೊದಲ ಕೆಲಸ ಮನೆಭೇಟಿಯೇ ಆಗಿರುವುದನ್ನು ನೆನೆಯೋಣ.

ಯಾರೂ ಇಲ್ಲದ ಮಗುವಿನ ವಿಷಯ ಬೇರೆ. ಅಂತಹ ಮಗುವನ್ನು ಸದ್ಭಾವನೆಯೊಂದನ್ನೇ ನಂಬಿ ನಾವು ಮನೆಯಲ್ಲೋ ಬೋರ್ಡಿಂಗಿನಲ್ಲೋ ಇರಿಸಿಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಪಾಲನಾ ಸಂಸ್ಥೆಗಳು ನೋಂದಣಿಯಾಗಿರಬೇಕು. 1098 ಎಂಬ ಸಹಾಯವಾಣಿಯ ಸಂಖ್ಯೆ ನಮ್ಮೆಲ್ಲರಿಗೂ ಬಾಯಿಪಾಠವಾಗಿರಲಿ. ಸಂಸ್ಥೆಯ ಆಶ್ರಯ ಕೊನೆಯ ಉಪಾಯವಾಗಿರಬೇಕೆಂಬುದು ಈ ಕಾಯ್ದೆಯ ತತ್ವ. ಫರೋಹನ ಮಗಳು ನಡೆದುಕೊಂಡ ರೀತಿಯೂ ಅದೇ ಅಲ್ಲವೇ? ರಕ್ಷಣೆ ಬೇಕಾದ ಮಗುವಿನ ಗುರುತನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನೂ ಈ ಕಾಯ್ದೆ ನಿಷೇಧಿಸುತ್ತದೆ. ಆದುದರಿಂದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಓದುಗರು ಈ ಮಕ್ಕಳ ಭಾವಚಿತ್ರಗಳನ್ನು ಹುಡುಕಬಾರದು. ತನ್ನ ಬಡತನದ ಚಿತ್ರವನ್ನು ಊರವರೆಲ್ಲ ನೋಡಿದರೆಂಬ ನೋವು ಯಾವ ಮಗುವಿಗೂ ಬೇಡ.

ಕೊನೆಯದಾಗಿ ನಮ್ಮ ವಿನಂತಿಯನ್ನು ಮೂರು ಮಾತುಗಳಲ್ಲಿ ಸಮಿತಿಯ ಮುಂದಿಡುತ್ತೇವೆ. ಮೊದಲನೆಯದಾಗಿ, ಜ್ಞಾನಸ್ನಾನದ ದಫ್ತರನ್ನು ತೆರೆದು, ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳನ್ನು ಗುರುತಿಸಿ, ಅವರ ಜ್ಞಾನಪೋಷಕರಿಗೆ ಅವರ ಮಾತನ್ನು ವಿನಯದಿಂದ ನೆನಪಿಸೋಣ; ಜ್ಞಾನಪೋಷಕರು ತೀರಿಕೊಂಡಿದ್ದರೆ, ಅಶಕ್ತರಾಗಿದ್ದರೆ, ಅವರ ಸ್ಥಾನದಲ್ಲಿ ಹತ್ತು ಕುಟುಂಬಗಳ ಒಂದು ಗುಂಪು ನಿಲ್ಲಲಿ. ಎರಡನೆಯದಾಗಿ, ಧರ್ಮಭೇದವಿಲ್ಲದೆ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬೇರೊಂದು ನಿಧಿಯನ್ನಿಟ್ಟು, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಓದೋಣ. ಮೂರನೆಯದಾಗಿ, ಒಮ್ಮೆ ಕೈಹಿಡಿದ ಮಗುವನ್ನು ಪಿಯುಸಿಯವರೆಗೆ ಬಿಡದಿರೋಣ. ಅನುತ್ತೀರ್ಣನಾದರೂ ಬಿಡದಿರೋಣ, ಏಕೆಂದರೆ ತನ್ನ ಮಗ ನಪಾಸಾದನೆಂದು ಯಾವ ತಂದೆಯೂ ಮನೆಯಿಂದ ಹೊರಹಾಕುವುದಿಲ್ಲ.

ಶಿಷ್ಯರನ್ನು ಅನಾಥರನ್ನಾಗಿ ಬಿಡುವುದಿಲ್ಲವೆಂದು ನಮ್ಮ ಪ್ರಭುವು ಅಂತಿಮ ಭೋಜನದ ರಾತ್ರಿ ಭರವಸೆಯಿತ್ತರು. ಆ ಭರವಸೆ ಹಾನಗಲ್ಲಿನ ಒಂದು ಗುಡಿಸಲಿಗೆ, ಸವಣೂರಿನ ಒಂದು ಓಣಿಗೆ ತಲುಪಬೇಕಾದರೆ ಅದಕ್ಕೆ ಕಾಲುಗಳು ಬೇಕು, ಕೈಗಳು ಬೇಕು. ಅವು ನಮ್ಮವಾಗಲಿ. ತಬ್ಬಲಿ ಮಕ್ಕಳ ಪಾಲಕರಾದ ಸಂತ ಜೆರೋಮ್ ಎಮಿಲಿಯಾನಿಯವರ ಮತ್ತು ಬಾಲಯೇಸುವಿನ ಸಾಕುತಂದೆಯಾದ ಸಂತ ಜೋಸೆಫರ ಪ್ರಾರ್ಥನಾ ಸಹಾಯ ನಮಗೆ ದೊರೆಯಲಿ.  ದೇವರು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವನ್ನು ಆಶೀರ್ವದಿಸಲಿ.